ರೀಲ್ ಬಿಡೋದು ಹೇಗೆ: ಕೆರೆಗೂ ಕಡಲಿಗೂ ಗಾಳದ ರೀಲ್ ಆರಿಸುವ ಪಾಠ

ಮೊದಲೇ ಹೇಳ್ಬಿಡ್ತೀವಿ, ಇದು ಇನ್‌ಸ್ಟಾಗ್ರಾಮ್ ರೀಲ್ ಬಗ್ಗೆ ಅಲ್ಲ. ಕ್ಲಾಸಿಗೆ ಲೇಟಾಗಿ ಬಂದು ಬಸ್ ಪಂಕ್ಚರ್ ಆಯ್ತು ಅಂತ ಬಿಡ್ತೀವಲ್ಲ, ಆ ರೀಲೂ ಅಲ್ಲ. ಇದು ಮೀನು ಹಿಡಿಯೋ ಗಾಳದ ಕೋಲಿಗೆ ಹಾಕೋ ರೀಲು. ಹೋದ ಡಿಸೆಂಬರ್‌ನಲ್ಲಿ ಒಂದು ಕೆಟ್ಟ ರೀಲ್ ತಗೊಂಡು, ದುಡ್ಡೂ ಮೀನೂ ಕಳ್ಕೊಂಡು, ಆಮೇಲೆ ಆ ರೀಲನ್ನ ಬಿಚ್ಚಿ ಹರಡಿ ಕೂತು ನಾವು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ. ಮೀನು ತಿನ್ನದವರೂ ಓದಬಹುದು. ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಯಾವತ್ತಾದ್ರೂ ಉಪಯೋಗಕ್ಕೆ ಬರತ್ತಾ ಅಂತ ಕೇಳೋರಿಗೆ ಇದರಲ್ಲೊಂದು ಉತ್ತರ ಇದೆ.

ನಾವು ಅಂದ್ರೆ ಬ್ಯಾಟರಾಯನಪುರದಲ್ಲಿ ಒಂದು ರೂಮಲ್ಲಿರೋ ನಾಲ್ಕು ಜನ. ನಮ್ಮ ಸುತ್ತ ಕೆರೆಗಳಿಗೇನೂ ಬರ ಇಲ್ಲ. ಸೈಕಲ್ ತುಳಿದ್ರೆ ಜಕ್ಕೂರು ಕೆರೆ, ರಾಚೇನಹಳ್ಳಿ ಕೆರೆ, ಅಮೃತಹಳ್ಳಿ ಕೆರೆ, ಈ ಕಡೆ ಬಂದ್ರೆ ಹೆಬ್ಬಾಳ ಕೆರೆ. ಆದ್ರೆ ಅಲ್ಲಿಗೆ ಗಾಳ ಹಿಡ್ಕೊಂಡು ಹೋಗೋ ಹಾಗಿಲ್ಲ. ಕೆರೆಯ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಮೂಲಕ ಗುತ್ತಿಗೆಗೋ ಸಂಘಕ್ಕೋ ಹೋಗಿರತ್ತೆ, ಮರಿ ಬಿಟ್ಟು ಬೆಳೆಸಿದವರ ಮೀನು ಅದು. ಇನ್ನೊಂದು ಕಾರಣ ಹಕ್ಕಿಗಳು. ಅಲ್ಲಿ ಪೆಲಿಕನ್, ನೀರುಕಾಗೆ, ಬಣ್ಣದ ಕೊಕ್ಕರೆ ಎಲ್ಲಾ ಬರ್ತವೆ. ತುಂಡಾದ ತಂಗೂಸಿ ದಾರ ಒಂದು ಹಕ್ಕಿಯ ಕಾಲಿಗೋ ಕೊಕ್ಕಿಗೋ ಸುತ್ತಿಕೊಂಡ್ರೆ ಅದರ ಕಥೆ ಮುಗೀತು. ದಾರ ತುಂಡಾಗೋದು ಅನ್ನೋ ವಿಷಯವನ್ನ ಇಲ್ಲೇ ನೆನಪಿಟ್ಕೊಳ್ಳಿ, ಇಡೀ ಲೇಖನ ಅದರ ಸುತ್ತಲೇ ತಿರುಗತ್ತೆ.

ಮರವಂತೆಯಲ್ಲಿ ಆದದ್ದು

ನಮ್ಮಲ್ಲೊಬ್ಬ ಕುಂದಾಪುರ ಕಡೆಯವನು. ಅವನ ಅಜ್ಜಯ್ಯ ಮೊದಲು ದೋಣಿಯಲ್ಲಿ ಹೋಗ್ತಿದ್ದವರು, ಈಗ ಮೊಣಕಾಲು ನೋವು, ದಡದಲ್ಲೇ ಕೂತು ಕೈಗಾಳ ಹಾಕ್ತಾರೆ. ಕೈಗಾಳ ಅಂದ್ರೆ ಕೋಲಿಲ್ಲ, ರೀಲಿಲ್ಲ. ಒಂದು ಮರದ ತುಂಡಿಗೆ ಸುತ್ತಿದ ದಾರ, ತುದಿಯಲ್ಲಿ ಸೀಸದ ಗುಂಡು, ಗಾಳ. ಸೆಮಿಸ್ಟರ್ ಮುಗಿದ ಮೇಲೆ ಅವರ ಮನೆಗೆ ಹೋಗೋದು, ಅಜ್ಜಯ್ಯನಿಗೆ ರಾಡ್ ಮತ್ತು ರೀಲಿನಲ್ಲಿ ದೂರ ಎಸೆದು ತೋರಿಸೋದು ಅನ್ನೋದು ಪ್ಲಾನು. ಆನ್‌ಲೈನಲ್ಲಿ 1,450 ರೂಪಾಯಿಗೆ ಚಿನ್ನದ ಬಣ್ಣದ ಒಂದು ರೀಲ್ ಸಿಕ್ತು. ಹನ್ನೆರಡು ಪ್ಲಸ್ ಒಂದು ಬೇರಿಂಗ್, ಗರಿಷ್ಠ ಡ್ರ್ಯಾಗ್ 10 ಕೆ.ಜಿ. ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು. ಹನ್ನೆರಡು ಬೇರಿಂಗ್! ನಾವು ಆ ಲೆಕ್ಕಕ್ಕೇ ಮರುಳಾದ್ವಿ.

ಮರವಂತೆ ನೋಡದವರಿಗೆ ಒಂದು ಮಾತು. ಹೆದ್ದಾರಿ 66ರ ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ನಡುವೆ ರಸ್ತೆ, ಅಷ್ಟೇ. ಒಂದೇ ರೀಲಲ್ಲಿ ಬೆಳಿಗ್ಗೆ ಕಡಲು, ಸಂಜೆ ಸಿಹಿನೀರು ಅಂತ ನಾವು ಲೆಕ್ಕ ಹಾಕಿದ್ವಿ. ಆ ಲೆಕ್ಕದಲ್ಲೇ ಒಂದು ತಪ್ಪಿತ್ತು. ಆ ಜಾಗದಲ್ಲಿ ನದಿ ಸಿಹಿಯಲ್ಲ. ಗಂಗೊಳ್ಳಿ ಅಳಿವೆಯಿಂದ ಭರತದ ನೀರು ಮೇಲಕ್ಕೆ ಬರತ್ತೆ, ಮಳೆಗಾಲ ಬಿಟ್ರೆ ಅಲ್ಲೂ ಉಪ್ಪೇ. ಅಜ್ಜಯ್ಯ ರೀಲನ್ನ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದ್ ಉಪ್ಪ್ ನೀರಿಗ್ ಆಪ್ದಲ್ಲ ಮಕ್ಳೆ" ಅಂದ್ರು. ನಾವು ನಕ್ವಿ.

ಎರಡನೇ ದಿನ ರೀಲ್ ಕೀಚ್ ಕೀಚ್ ಅಂತ ಕೂಗೋಕೆ ಶುರು ಮಾಡ್ತು. ಮೂರನೇ ದಿನ ಬೆಳಿಗ್ಗೆ ಆರೂವರೆಗೆ, ಚಟ್ಲಿ ಸಿಕ್ಕಿಸಿ ಎಸೆದ ಗಾಳಕ್ಕೆ ಏನೋ ಬಿತ್ತು. ರಾಡ್ ಬಾಗಿತು. ದಾರ ಹೋಗ್ಬೇಕಿತ್ತು, ಹೋಗ್ಲಿಲ್ಲ. ಆಮೇಲೆ ಒಮ್ಮೆಗೇ ಜರ್ರ್ ಅಂತ ಹೋಯ್ತು, ಮತ್ತೆ ಹಿಡ್ಕೊಳ್ತು, ಮತ್ತೆ ಹೋಯ್ತು. ಒಂದು ನಲವತ್ತು ನಲವತ್ತೈದು ಮೀಟರ್ ಹೋದ ಮೇಲೆ ಟಪ್ ಅಂತ ಗಂಟಿನ ಹತ್ರ ತುಂಡಾಯ್ತು. ಗಾಳ, ಒಂದು ಮೀಟರ್ ದಾರ, 60 ಗ್ರಾಂ ಸೀಸದ ಗುಂಡು ಎಲ್ಲಾ ಮೀನಿನ ಜೊತೆ ಹೋದವು. ಯಾವ ಮೀನು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ನಾವೆಲ್ಲ "ಛೇ, ಎಷ್ಟು ದೊಡ್ಡದಿತ್ತೋ" ಅಂತಿದ್ರೆ ಅಜ್ಜಯ್ಯ ಕೇಳಿದ್ದು ಒಂದೇ: "ಗಾಳ ಬಾಯಂಗೇ ಹ್ವಾಯ್ತಾ?"

ಹೌದು ಅಜ್ಜಯ್ಯ ಅಂದ್ವಿ. ಅವರು ಮತ್ತೇನೂ ಮಾತಾಡ್ಲಿಲ್ಲ. ಅವರಿಗೆ ಮೀನು ಹಿಡಿದು ಮನೆಗೆ ತರೋದು ಒಂದು, ಮೀನು ತಪ್ಪಿಸ್ಕೊಂಡು ಹೋಗೋದು ಒಂದು. ಬಾಯಲ್ಲಿ ಕಬ್ಬಿಣ, ಬಾಲದ ಹಿಂದೆ ಸೀಸ ಎಳ್ಕೊಂಡು ಹೋಗೋ ಮೀನು ಮಾತ್ರ ಯಾರಿಗೂ ಆಗಲ್ಲ. ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡು ಸಾಯತ್ತೆ.

ರೂಮಿಗೆ ಬಂದು ಬಿಚ್ಚಿದಾಗ

ಎರಡು ವಾರ ಬಿಟ್ಟು, ಪ್ರಜಾವಾಣಿ ಹಾಸಿ ರೀಲ್ ಬಿಚ್ಚಿದ್ವಿ. ಕೆಳಗೆ ಬರೆದಿರೋದು ಅರ್ಥ ಆಗ್ಬೇಕಾದ್ರೆ ಒಳಗೆ ಏನಿರತ್ತೆ ಅಂತ ಸ್ವಲ್ಪ ಗೊತ್ತಿರಬೇಕು.

ನಾವು ಹೇಳ್ತಿರೋದು ಸ್ಪಿನ್ನಿಂಗ್ ರೀಲು, ರಾಡಿನ ಕೆಳಗೆ ತೂಗಾಡೋದು. ಇದರಲ್ಲಿ ದಾರ ಸುತ್ತಿರೋ ಸ್ಪೂಲ್ ತಿರುಗೋದಿಲ್ಲ. ಎಸೆಯುವಾಗ ದಾರ ಸ್ಪೂಲಿನ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗತ್ತೆ. ಸುತ್ತುವಾಗ ರೋಟರ್ ಅನ್ನೋ ಭಾಗ ಸ್ಪೂಲಿನ ಸುತ್ತ ತಿರುಗಿ ದಾರ ಸುತ್ತತ್ತೆ. ಇಂಥ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡವನು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಅವನು ಬಟ್ಟೆ ಗಿರಣಿಯ ಊರಿನವನು. ನೂಲಿನ ಉರುಳೆಯ ತುದಿಯಿಂದ ನೂಲು ಬಿಚ್ಚಿಕೊಳ್ಳೋದನ್ನ ದಿನಾ ನೋಡೋನಿಗೆ ಇದು ಹೊಳೆಯೋದು ಸಹಜ. ಮಗ್ಗದ ಮನೆಯಲ್ಲಿ ಬೆಳೆದ ನಮ್ಮ ದೊಡ್ಡಬಳ್ಳಾಪುರದ ಗೆಳೆಯ ಇದನ್ನ ಕೇಳಿ, "ಇದೇನ್ ಮಹಾ, ನಮ್ಮಜ್ಜಿಗೂ ಗೊತ್ತಿತ್ತು" ಅಂದ.

ಹ್ಯಾಂಡಲ್ ತಿರುಗಿಸಿದ್ರೆ ದೊಡ್ಡ ಗೇರ್, ಅದಕ್ಕೆ ಕಚ್ಚಿಕೊಂಡ ಸಣ್ಣ ಪಿನಿಯನ್, ಪಿನಿಯನ್‌ಗೆ ಕೂತ ರೋಟರ್. ಹಿಂದಕ್ಕೆ ತಿರುಗದ ಹಾಗೆ ಒಂದು ಏಕಮುಖ ಕ್ಲಚ್. ಸೈಕಲ್ಲಿನ ಫ್ರೀವೀಲ್‌ಗೆ ಅಣ್ಣತಮ್ಮ ಅದು. ಶಿಮಾನೊ ಕಂಪನಿ 1921ರಲ್ಲಿ ಜಪಾನಿನ ಸಕಾಯ್‌ನಲ್ಲಿ ಶುರುವಾದದ್ದು ಸೈಕಲ್ ಫ್ರೀವೀಲ್ ಮಾಡೋಕೆ, ಮೀನಿನ ಸಾಮಾನಿಗೆ ಬಂದದ್ದು 1970ರಲ್ಲಿ. ಗೇರ್ ಸೈಕಲ್ ಓಡಿಸೋರಿಗೆ ಆ ಹೆಸರು ಗೊತ್ತಿರತ್ತೆ. ಆ ಕಡೆಯಿಂದ ಈ ಕಡೆಗೆ ದೂರ ಜಾಸ್ತಿ ಇಲ್ಲ.

ನಮ್ಮ ರೀಲಿನಲ್ಲಿ ಹನ್ನೆರಡು ಬೇರಿಂಗ್ ಎಣಿಸೋಕೆ ಕೂತ್ವಿ. ನಿಜವಾದ ಬಾಲ್ ಬೇರಿಂಗ್ ಸಿಕ್ಕಿದ್ದು ಐದು. ಅದರಲ್ಲಿ ಎರಡು ಹ್ಯಾಂಡಲ್ಲಿನ ಗುಬುಟಿನೊಳಗೆ, ಅಂದ್ರೆ ಎಲ್ಲಿ ಬೇಕಾಗೇ ಇಲ್ವೋ ಅಲ್ಲಿ. ಉಳಿದ ಕಡೆ ಪ್ಲಾಸ್ಟಿಕ್ ಬುಶ್. ದಾರ ಹಾದುಹೋಗೋ ಲೈನ್ ರೋಲರ್‌ನಲ್ಲಿದ್ದ ಒಂದು ಬೇರಿಂಗ್ ತುಕ್ಕು ಹಿಡಿದು ಕಲ್ಲಾಗಿತ್ತು. ಕೂಗ್ತಿದ್ದದ್ದು ಅದೇ. ರೋಲರ್ ತಿರುಗದೆ ನಿಂತ ಮೇಲೆ ದಾರ ಅದರ ಮೇಲೆ ಉಜ್ಜಿಕೊಂಡೇ ಹೋಗಿದೆ, ಲೋಹದಲ್ಲಿ ಸಣ್ಣ ಗೀರೇ ಬಿದ್ದಿತ್ತು. ಡ್ರ್ಯಾಗ್ ಬಿಚ್ಚಿದ್ರೆ ಒಂದೇ ಒಂದು ಉಣ್ಣೆಯಂಥ ವಾಶರ್, ಒಣಗಿ ಗಟ್ಟಿಯಾಗಿತ್ತು. ಹತ್ತು ಕೆ.ಜಿ. ಡ್ರ್ಯಾಗ್ ಅಂದದ್ದು ಇದಕ್ಕೆ.

ಡ್ರ್ಯಾಗ್: ಇದೇ ರೀಲಿನ ಜೀವ

ರೀಲ್ ಅಂದ್ರೆ ದಾರ ಸುತ್ತೋ ಯಂತ್ರ ಅಂತ ನಾವು ಅಂದ್ಕೊಂಡಿದ್ವಿ. ಸುತ್ತೋದು ಸುಲಭದ ಕೆಲಸ, ಯಾವ ರೀಲಾದ್ರೂ ಮಾಡತ್ತೆ. ಒಳ್ಳೇ ರೀಲ್ ಬೇಕಾಗೋದು ಬಿಡೋಕೆ. ಮೀನು ಜೋರಾಗಿ ಎಳೆದಾಗ, ದಾರ ತುಂಡಾಗೋ ಮೊದಲೇ, ಒಂದೇ ಸಮನೆ ಬಿಟ್ಟುಕೊಡಬೇಕು. ಆ ಬ್ರೇಕಿಗೆ ಡ್ರ್ಯಾಗ್ ಅಂತ ಹೆಸರು. ಸ್ಪೂಲಿನೊಳಗೆ ವಾಶರ್‌ಗಳ ಒಂದು ಕಟ್ಟು, ಮೇಲಿಂದ ಗುಬುಟು ತಿರುಗಿಸಿ ಬಿಗಿ ಮಾಡೋದು. ಬೈಕಿನ ಕ್ಲಚ್ ಪ್ಲೇಟ್ ನೆನಪು ಮಾಡ್ಕೊಳ್ಳಿ.

ಅಜ್ಜಯ್ಯನಿಗೆ ಇದೆಲ್ಲ ಬೇಕಿಲ್ಲ. ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಹಾಕ್ಕೊಂಡು ಅದರ ಮೇಲೆ ದಾರ ಹಾಯಿಸ್ತಾರೆ. ಮೀನು ಎಳೆದ್ರೆ ಬಿಡ್ತಾರೆ, ನಿಂತ್ರೆ ಎಳೀತಾರೆ. ಅವರ ಬೆರಳೇ ಡ್ರ್ಯಾಗು, ಅರವತ್ತು ವರ್ಷದ ಕ್ಯಾಲಿಬ್ರೇಶನ್. ನಮಗೆ ಆ ಬೆರಳಿಲ್ಲ, ಅದಕ್ಕೇ ರೀಲ್ ಬೇಕು.

ಈಗ ನಮ್ಮ ದಾರ ಯಾಕೆ ತುಂಡಾಯ್ತು ಅಂತ ಲೆಕ್ಕ. ದಾರ 0.35 ಮಿ.ಮೀ. ದಪ್ಪ, ಲೇಬಲ್ ಪ್ರಕಾರ 5.5 ಕೆ.ಜಿ. ತಡೆಯೋದು. ಗಂಟು ಹಾಕಿದ ಕಡೆ ಬಲ ಕಮ್ಮಿಯಾಗತ್ತೆ. ನಮ್ಮದು ಸುಮಾರಾದ ಗಂಟು, ಶೇಕಡಾ 80 ಉಳೀತು ಅಂದ್ಕೊಳ್ಳೋಣ. ಅಂದ್ರೆ 4.4 ಕೆ.ಜಿ. ಡ್ರ್ಯಾಗ್ ಎಷ್ಟಿತ್ತು? ಆವತ್ತಿನಿಂದ ಗುಬುಟು ಮುಟ್ಟಿರಲಿಲ್ಲ. ಲಗೇಜ್ ತೂಗೋ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ರೀಲಿನಿಂದ ನೇರ ಎಳೆದ್ವಿ. ಸ್ಪೂಲ್ ತುಂಬಿರುವಾಗ 3 ಕೆ.ಜಿ.ಗೆ ಜಾರ್ತಿತ್ತು. ಮೂರು ಎಲ್ಲಿ, ನಾಲ್ಕು ಪಾಯಿಂಟ್ ನಾಲ್ಕು ಎಲ್ಲಿ, ತುಂಡಾಗಬಾರದಿತ್ತಲ್ಲ?

ಇಲ್ಲೇ ಇದೆ ನೋಡಿ ಮಜಾ. ವಾಶರ್ ಕೊಡೋದು ಟಾರ್ಕು, ಬಲ ಅಲ್ಲ. ಟಾರ್ಕ್ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಅದನ್ನ ಸ್ಪೂಲಿನ ತ್ರಿಜ್ಯದಿಂದ ಭಾಗಿಸಿದ್ರೆ ದಾರದ ಮೇಲಿನ ಎಳೆತ ಬರತ್ತೆ. ಸ್ಪೂಲ್ ತುಂಬಿದ್ದಾಗ ತ್ರಿಜ್ಯ 24 ಮಿ.ಮೀ. ಅವತ್ತು ಎಸೆದದ್ದು ಸುಮಾರು 70 ಮೀಟರ್, ಹಿಂದಿನ ದಿನ ಮರಳಲ್ಲಿ ಎಸೆದು ಹೆಜ್ಜೆ ಹಾಕಿ ಅಳೆದಿದ್ವಿ. ಮೀನು ಎಳೆದದ್ದು ಅಂದಾಜು 45. ಕಾಲೇಜ್ ಗ್ರೌಂಡಲ್ಲಿ 115 ಮೀಟರ್ ದಾರ ಎಳೆದು ಹಾಕಿ, ವರ್ನಿಯರ್ ಹಿಡಿದು ನೋಡಿದ್ರೆ ಉಳಿದ ತ್ರಿಜ್ಯ 18 ಮಿ.ಮೀ. (ಗ್ರೌಂಡಲ್ಲಿ ಫುಟ್‌ಬಾಲ್ ಆಡ್ತಿದ್ದವರಿಗೆ ಕ್ಷಮೆ ಕೇಳ್ತೀವಿ.) 3 ಗುಣಿಸು 24 ಭಾಗಿಸು 18, ಅಂದ್ರೆ 4 ಕೆ.ಜಿ. ನಾವು ಏನೂ ಮುಟ್ಟದೇನೇ ಡ್ರ್ಯಾಗ್ ಮೂರರಿಂದ ನಾಲ್ಕಕ್ಕೆ ಏರಿತ್ತು.

ಇನ್ನೂ ಮುಗೀಲಿಲ್ಲ. ರಾಡ್ ಬಾಗಿದಾಗ ದಾರ ಅದರ ಬಳೆಗಳ ಮೇಲೆ ಬಾಗಿ ಉಜ್ಜಿಕೊಂಡು ಹೋಗತ್ತೆ. ಮೆಕ್ಯಾನಿಕ್ಸಲ್ಲಿ ಬೆಲ್ಟ್ ಮತ್ತು ಪುಲ್ಲಿ ಪಾಠ ಮಾಡಿದ್ರಲ್ಲ, ಅದೇ ಸೂತ್ರ. ಘರ್ಷಣಾಂಕ 0.1, ಒಟ್ಟು ಬಾಗಿದ ಕೋನ 90 ಡಿಗ್ರಿ ಇಟ್ಕೊಂಡ್ರೆ ಎಳೆತ 1.17 ಪಟ್ಟು ಆಗತ್ತೆ. 4 ಇದ್ದದ್ದು 4.7 ಆಯ್ತು. ಗಂಟು ತಡೆಯೋದು 4.4. ಟಪ್.

ಇದು ಬರೀ ನಿಧಾನದ ಲೆಕ್ಕ. ಒಣಗಿದ ವಾಶರ್ ಮೊದಲು ಅಂಟಿಕೊಂಡು ಆಮೇಲೆ ಜಾರತ್ತಲ್ಲ, ಆ ಝಟಕಾ ಇದರ ಮೇಲೆ. ಸ್ಥಿರ ಘರ್ಷಣೆ ಚಲನ ಘರ್ಷಣೆಗಿಂತ ಜಾಸ್ತಿ ಅಂತ ಪಿಯುಸಿಯಲ್ಲಿ ಉರು ಹೊಡೆದದ್ದು ನಮ್ಮ ಕೈಯಲ್ಲೇ ಜರ್ರ್, ಜರ್ರ್ ಅಂತ ಅನುಭವಕ್ಕೆ ಬಂದಿತ್ತು.

ಹಾಗಾಗಿ ಡ್ರ್ಯಾಗ್ ವಿಷಯದಲ್ಲಿ ನಮ್ಮ ತೀರ್ಮಾನ ಹೀಗೆ. ಡಬ್ಬಿ ಮೇಲಿನ ಗರಿಷ್ಠ ಡ್ರ್ಯಾಗ್ ಸಂಖ್ಯೆ ನೋಡ್ಲೇಬೇಡಿ. ನಮ್ಮ ಕೆಲಸಕ್ಕೆ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಾಕು. 5.5 ಕೆ.ಜಿ. ದಾರಕ್ಕೆ ಒಂದೂವರೆ ಕೆ.ಜಿ. ಇಟ್ಟಿದ್ರೆ ಮೇಲಿನ ಲೆಕ್ಕದಲ್ಲಿ 2.3ಕ್ಕೆ ನಿಲ್ತಿತ್ತು, ಮೀನು ನಮ್ಮ ಕೈಗೆ ಬರ್ತಿತ್ತೋ ಏನೋ. ಒಂದೂವರೆ ಕೆ.ಜಿ.ಯಲ್ಲಿ ಬೆಣ್ಣೆ ಥರ ಜಾರೋ ಡ್ರ್ಯಾಗ್, ಹತ್ತು ಕೆ.ಜಿ.ಯಲ್ಲಿ ಕುಕ್ಕೋ ಡ್ರ್ಯಾಗಿಗಿಂತ ಮೇಲು. ಕಾರ್ಬನ್ ವಾಶರ್ ಇರೋದು ಸಿಕ್ರೆ ಒಳ್ಳೇದು, ಬಿಸಿಯಾದ್ರೂ ಒದ್ದೆಯಾದ್ರೂ ಅಷ್ಟಾಗಿ ಬದಲಾಗಲ್ಲ. ಎಣ್ಣೆ ಹಿಡಿದ ಉಣ್ಣೆ ವಾಶರ್ ಕೂಡ ಕೆರೆಗೆ ಧಾರಾಳ ಆಯ್ತು, ವರ್ಷಕ್ಕೊಮ್ಮೆ ಡ್ರ್ಯಾಗ್ ಗ್ರೀಸ್ ಹಾಕೋ ಸೋಮಾರಿತನ ಇಲ್ಲದಿದ್ರೆ.

ಕಾವೇರಿಯ ಹಳೇ ಕಥೆಗಳೆಲ್ಲ ನಿಂತಿರೋದು ಇದರ ಮೇಲೇ. ಮೈಸೂರಿನ ವಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ್ರು, ಅಂದ್ರೆ ಸುಮಾರು 54 ಕೆ.ಜಿ. ನಮ್ಮ ಕ್ಲಾಸಲ್ಲಿ ಅದಕ್ಕಿಂತ ಕಮ್ಮಿ ತೂಗೋರು ಎಷ್ಟೋ ಜನ ಇದ್ದಾರೆ. ಅಂಥ ಮೀನನ್ನ ದಾರದ ಬಲದಿಂದ ಎತ್ತೋಕಾಗಲ್ಲ, ಓಡೋಕೆ ಬಿಟ್ಟು ಸುಸ್ತು ಮಾಡ್ಬೇಕು. ಭೀಮೇಶ್ವರಿ, ಗಾಳಿಬೋರೆ ಕಡೆ ಮಹಶೀರ್‌ಗೆ ಗಾಳಕ್ಕೆ ಹಾಕ್ತಿದ್ದದ್ದು ರಾಗಿ ಮುದ್ದೆ ಅನ್ನೋದು ನಮಗೆ ತುಂಬಾ ಇಷ್ಟವಾದ ವಿಷಯ. ಮಂಡ್ಯದ ಗೆಳೆಯ ಕಾಲರ್ ಏರಿಸ್ಕೊಂಡ. ಆದ್ರೆ ಅಲ್ಲಿಗೆ ಹೋಗೋ ಆಸೆ ಇಟ್ಕೋಬೇಡಿ. ಅದು ಕಾವೇರಿ ವನ್ಯಜೀವಿ ಧಾಮ, ಹಿಡಿದು ಬಿಡೋ ಆಟಕ್ಕೂ ಈಗ ಅವಕಾಶ ಇಲ್ಲ. ಗೂನು ಬೆನ್ನಿನ ಆ ಮಹಶೀರ್ 2018ರಿಂದ ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ.

ಸೈಜು, ಗೇರು ಮತ್ತು ಉಳಿದ ನಂಬರುಗಳು

ರೀಲಿನ ಮೇಲೆ 2500, 4000, 6000 ಅಂತ ಬರೆದಿರತ್ತೆ. ಇದಕ್ಕೆ ಐ.ಎಸ್.ಐ. ಥರ ಒಂದು ಸ್ಟಾಂಡರ್ಡ್ ಇಲ್ಲ, ಒಂದು ಕಂಪನಿಯ 4000 ಇನ್ನೊಂದರ 3000ದಷ್ಟೇ ಇರಬಹುದು. ಅಂದಾಜಿಗೆ ಇಷ್ಟು ತಿಳ್ಕೊಳ್ಳಿ. ಕೆರೆ, ಕೃಷಿ ಹೊಂಡ, ಜಿಲೇಬಿ ಮೀನು, ರೋಹು, ಕಾಟ್ಲಾ ಅಂದ್ರೆ 2500ರಿಂದ 3000. ಕಡಲ ದಡದಿಂದ ಅಲೆ ದಾಟಿ ಎಸೆಯೋಕೆ 5000ದಿಂದ ಮೇಲೆ, ಉದ್ದ ರಾಡಿದ್ರೆ 8000ದವರೆಗೂ. ಕಡಲಿಗೆ ದೊಡ್ಡದು ಬೇಕಾಗೋದು ಮೀನು ದೊಡ್ಡದು ಅಂತಲ್ಲ. ಅಗಲ ಸ್ಪೂಲಿನ ಅಂಚಿಂದ ದಾರ ಜಾಸ್ತಿ ಉಜ್ಜಿಕೊಳ್ಳದೆ ಜಾರತ್ತೆ, ದೂರ ಹೋಗತ್ತೆ. ನೂರು ಮೀಟರ್ ಹೊರಗೆ ಹೋದ ಮೇಲೂ ಸ್ಪೂಲ್ ಬರಿದಾಗಲ್ಲ. ಬರಿದಾದ್ರೆ ಡ್ರ್ಯಾಗ್ ಏರತ್ತೆ ಅಂತ ಈಗಷ್ಟೇ ನೋಡಿದ್ವಲ್ಲ.

ದಾರ ತುಂಬೋದು ಅಂಚಿಗಿಂತ ಒಂದೆರಡು ಮಿ.ಮೀ. ಕೆಳಗಿನವರೆಗೆ. ಕಮ್ಮಿ ತುಂಬಿದ್ರೆ ದೂರ ಹೋಗಲ್ಲ, ಜಾಸ್ತಿ ತುಂಬಿದ್ರೆ ಗೋಜಲು. ಸ್ಪೂಲಿನ ಮೇಲೆ 0.35 ಮಿ.ಮೀ.ಗೆ 150 ಮೀಟರ್ ಅಂತಿದ್ದು ನೀವು 0.25ರ ದಾರ ಹಾಕ್ತೀರಾ ಅಂದ್ರೆ ದಪ್ಪದ ವರ್ಗದ ಲೆಕ್ಕ. ಸುಮಾರು 290 ಮೀಟರ್ ಹಿಡಿಸತ್ತೆ. ಅಷ್ಟು ಬೇಡ ಅಂದ್ರೆ ಅಡಿಯಲ್ಲಿ ಹಳೇ ದಾರ ಸುತ್ತಿ ಮೇಲೆ ಹೊಸದು ಹಾಕಿ, ದುಡ್ಡೂ ಉಳಿಯತ್ತೆ. ಹೆಣೆದ ದಾರ, ಅಂದ್ರೆ ಬ್ರೇಡ್ ಹಾಕೋರಿಗೆ ಅಡಿಯಲ್ಲಿ ತಂಗೂಸಿ ಇರಲೇಬೇಕು. ಇಲ್ಲಾಂದ್ರೆ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರತ್ತೆ, ಡ್ರ್ಯಾಗ್ ಕೆಟ್ಟಿದೆ ಅಂತ ನೀವು ತಲೆ ಕೆಡಿಸ್ಕೊಂಡಿರ್ತೀರಿ.

ಗೇರ್ ರೇಶಿಯೋ 5.2:1 ಅಂದ್ರೆ ಹ್ಯಾಂಡಲ್ ಒಂದು ಸುತ್ತಿಗೆ ರೋಟರ್ 5.2 ಸುತ್ತು. 48 ಮಿ.ಮೀ. ವ್ಯಾಸದ ತುಂಬಿದ ಸ್ಪೂಲಿನಲ್ಲಿ ಒಂದು ಸುತ್ತಿಗೆ 78 ಸೆಂ.ಮೀ. ದಾರ ಒಳಗೆ ಬರತ್ತೆ. ಜಾಸ್ತಿ ರೇಶಿಯೋ ಅಂದ್ರೆ ಸ್ಪೀಡು ಜಾಸ್ತಿ, ಶಕ್ತಿ ಕಮ್ಮಿ. ಹ್ಯಾಂಡಲ್ ಉದ್ದ 55 ಮಿ.ಮೀ. ಇದ್ರೆ ನೀವು ಹಾಕಿದ ಬಲದಲ್ಲಿ ದಾರಕ್ಕೆ ಮುಟ್ಟೋದು 5.2ರಲ್ಲಿ ಶೇಕಡಾ 44, 6.2ರಲ್ಲಿ 37, ಅದೂ ಘರ್ಷಣೆ ಬಿಟ್ಟು. ಅಂದ್ರೆ ರೀಲ್ ಭಾವಿಯ ರಾಟೆ ಅಲ್ಲ, ಬರೀ ಹ್ಯಾಂಡಲ್ ತಿರುಗಿಸಿ ಮೀನು ಎಳೆಯೋಕೆ ಹೋದ್ರೆ ಗೇರ್ ಹಲ್ಲು ಸವೆಯತ್ತೆ. ರಾಡನ್ನ ಮೇಲಕ್ಕೆತ್ತಿ ಎಳೆದು, ರಾಡ್ ಇಳಿಸ್ತಾ ಸಡಿಲಾದ ದಾರ ಸುತ್ತಬೇಕು. ಎರಡೂ ಕಡೆ ಬಳಸೋರಿಗೆ ಐದರ ಆಸುಪಾಸು ಸಾಕು ಅಂತ ನಮ್ಮ ಅಭಿಪ್ರಾಯ.

ಬೇರಿಂಗ್ ಎಷ್ಟು ಅಂತ ಕೇಳ್ಬೇಡಿ, ಎಲ್ಲಿ ಅಂತ ಕೇಳಿ. ದೊಡ್ಡ ಗೇರಿನ ಎರಡೂ ಪಕ್ಕ, ಪಿನಿಯನ್‌ಗೆ, ಲೈನ್ ರೋಲರ್‌ಗೆ. ಈ ಜಾಗಗಳಲ್ಲಿ ಒಳ್ಳೇ ಸ್ಟೇನ್‌ಲೆಸ್ ಬೇರಿಂಗ್ ನಾಲ್ಕೈದು ಇದ್ರೆ ಉಳಿದದ್ದೆಲ್ಲ ಅಲಂಕಾರ.

ಉಪ್ಪು

ಸಿಹಿನೀರಿನ ರೀಲಿಗೂ ಕಡಲಿನ ರೀಲಿಗೂ ನಿಜವಾದ ವ್ಯತ್ಯಾಸ ಇದೇ. ಉಪ್ಪು ನೀರು ಒಣಗಿದ ಮೇಲೂ ಹರಳು ಅಲ್ಲೇ ಕೂತಿರತ್ತೆ, ಗಾಳಿಯ ತೇವ ಹೀರಿ ಮತ್ತೆ ಕೆಲಸ ಶುರು ಮಾಡತ್ತೆ. ನಮ್ಮ ರೀಲ್ ಹಾಳಾದದ್ದು ಮೂರು ದಿನದಲ್ಲಲ್ಲ, ಬ್ಯಾಗಿನೊಳಗೆ ಸುಮ್ಮನೆ ಬಿದ್ದಿದ್ದ ಎರಡು ವಾರದಲ್ಲಿ. ಅಲ್ಯುಮಿನಿಯಂ ಬಾಡಿಗೆ ಸ್ಟೀಲ್ ಸ್ಕ್ರೂ, ನಡುವೆ ಉಪ್ಪು ನೀರು: ಕೆಮಿಸ್ಟ್ರಿ ಲ್ಯಾಬಿನ ಸೆಲ್ ರೆಡಿ. ಕರಗೋದು ಅಲ್ಯುಮಿನಿಯಂ. ಕಾರ್ಬನ್ ಅಥವಾ ಗ್ರಾಫೈಟ್ ಬೆರೆತ ಪ್ಲಾಸ್ಟಿಕ್ ಬಾಡಿ ಹಾಗೆ ಕರಗಲ್ಲ, ಆದ್ರೆ ಅಗ್ಗದ್ದಾದ್ರೆ ಭಾರಕ್ಕೆ ಬಾಗಿ ಗೇರ್ ಹಲ್ಲು ಸರಿಯಾಗಿ ಕೂರಲ್ಲ. ಎಲ್ಲಾ ಲೋಹ ಅಂದ್ರೆ ಒಳ್ಳೇದು ಅನ್ನೋ ಅಂಗಡಿ ಮಾತು ಪೂರ್ತಿ ನಿಜ ಅಲ್ಲ.

ಕೆಲವು ರೀಲಿನ ಮೇಲೆ ನೀರು ಒಳಗೆ ಹೋಗಲ್ಲ ಅಂತ ಐಪಿಎಕ್ಸ್ ನಂಬರ್ ಇರತ್ತೆ. ನಮ್ಮ ಫೋನಿಗೆ ಇರತ್ತಲ್ಲ, ಅದೇ. ಆ ಪರೀಕ್ಷೆ ಸಿಹಿನೀರಿನದು, ಉಪ್ಪಿನ ಬಗ್ಗೆ ಏನೂ ಹೇಳಲ್ಲ. ಆದ್ರೂ ಡ್ರ್ಯಾಗ್ ಗುಬುಟಿನ ಕೆಳಗೆ ರಬ್ಬರ್ ಸೀಲ್ ಇದ್ರೆ ಇಲ್ಲದ್ದಕ್ಕಿಂತ ವಾಸಿ.

ಕಡಲಿಂದ ಬಂದ ದಿನವೇ ತೊಳೀಬೇಕು. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನ ಮೇಲಿಂದ ಮೆಲ್ಲಗೆ ಸುರಿಯೋದು. ಪೈಪ್ ಜೋರಾಗಿ ಬಿಟ್ರೆ ಉಪ್ಪನ್ನ ನೀವೇ ಒಳಗೆ ತಳ್ಳಿದ ಹಾಗೆ, ಬಕೆಟಲ್ಲಿ ಮುಳುಗಿಸೋದೂ ಅಷ್ಟೇ ತಪ್ಪು. ಒರೆಸಿ, ನೆರಳಲ್ಲಿ ಒಣಗಿಸಿ, ಲೈನ್ ರೋಲರ್‌ಗೆ ಒಂದು ಹನಿ ಎಣ್ಣೆ. ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಎತ್ತಿಡಿ. ಬಿಗಿಯಾಗೇ ಇಟ್ರೆ ವಾಶರ್ ಒತ್ತಿ ಚಪ್ಪಟೆಯಾಗತ್ತೆ. ಒಳಗಿನ ಗೇರಿಗೆ ಗ್ರೀಸ್, ಬೇರಿಂಗಿಗೆ ಎಣ್ಣೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೀಬೇಡಿ, ಗ್ರೀಸೇ ತೊಳೆದು ಹೋಗತ್ತೆ.

ಅಂಗಡಿಯಲ್ಲಿ

ಈ ಸಲ ಆನ್‌ಲೈನ್ ಬೇಡ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳೋದು ಅಂತ ಊರೊಳಗಿನ ಒಂದು ಅಂಗಡಿಗೆ ಹೋದ್ವಿ. ನಾಲ್ಕು ಜನ ತಲಾ 900 ಹಾಕಿ 3,600 ರೂಪಾಯಿ. ಒಬ್ಬನದು ಮೆಸ್ ದುಡ್ಡು, ಹೆಸರು ಹೇಳಲ್ಲ, ಮನೆಯವರು ಈ ಪತ್ರಿಕೆ ಓದ್ತಾರೆ.

ಅಂಗಡಿಯವರು ಮೊದಲು ಹ್ಯಾಂಡಲ್ ತಿರುಗಿಸಿ "ನೋಡಿ ಸ್ಮೂತ್" ಅಂದ್ರು. ಹೊಸದು ಎಲ್ಲಾ ಸ್ಮೂತೇ, ಒಳಗೆ ದಪ್ಪ ಗ್ರೀಸ್ ತುಂಬಿದ್ರೆ ಕಲ್ಲೂ ಸ್ಮೂತ್. ನಾವು ಹ್ಯಾಂಡಲ್ಲನ್ನ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದ್ವಿ, ಸಡಿಲ ಇದ್ಯಾ ಅಂತ. ಹಿಂದಕ್ಕೆ ತಿರುಗಿಸಿದ್ರೆ ತಕ್ಷಣ ಕಚ್ಚಿಕೊಳ್ಳಬೇಕು, ಒಂದು ಇಂಚು ಹೋಗಿ ಕಟಕ್ ಅನ್ನಬಾರದು. ಜೋರಾಗಿ ತಿರುಗಿಸಿ ಬಿಟ್ರೆ ರೋಟರ್ ನಡುಗಬಾರದು. ಅಂಗಡಿಯ ದಾರದ ತುಂಡೊಂದನ್ನ ಲೈನ್ ರೋಲರ್ ಮೇಲೆ ಹಾಯಿಸಿ ಎಳೆದ್ರೆ ರೋಲರ್ ತಿರುಗಬೇಕು, ದಾರ ಮಾತ್ರ ಜಾರಿದ್ರೆ ಆ ರೀಲ್ ವಾಪಸ್ ಇಡಿ. ಒಂದು ರೀಲ್ ಇಲ್ಲೇ ಫೇಲಾಯ್ತು, ಅದು ನಮ್ಮ ಬಜೆಟ್ಟಿಗಿಂತ ಸಾವಿರ ರೂಪಾಯಿ ಜಾಸ್ತಿಯದು.

ಆಮೇಲೆ ಡ್ರ್ಯಾಗ್. ಸಡಿಲ ಮಾಡಿ ಸ್ಪೂಲನ್ನ ಬೆರಳಲ್ಲಿ ನಿಧಾನ ತಿರುಗಿಸಿ. ಸ್ವಲ್ಪ ಬಿಗಿ ಮಾಡಿ ಮತ್ತೆ ತಿರುಗಿಸಿ. ಶುರುವಾಗೋ ಕ್ಷಣದಲ್ಲಿ ಕುಕ್ಕತ್ತಾ ಅಂತ ಗಮನ ಕೊಡಿ. ನಾವು ಜೇಬಿಂದ ಲಗೇಜ್ ತಕ್ಕಡಿ ತೆಗೆದಾಗ ಅಂಗಡಿಯವರು ಮುಖ ಮುಖ ನೋಡ್ಕೊಂಡ್ರು, ಆದ್ರೆ ಬೇಡ ಅನ್ಲಿಲ್ಲ. ಕೊನೆಗೆ ಅವರಿಗೇ ಕುತೂಹಲ ಬಂದು ಇನ್ನೆರಡು ರೀಲ್ ತಂದು "ಇದೂ ನೋಡಿ" ಅಂದ್ರು. ಎಳೆಯೋಕೆ ಶುರು ಮಾಡಿದಾಗಿನ ತೂಕಕ್ಕೂ ಜಾರ್ತಾ ಇರುವಾಗಿನ ತೂಕಕ್ಕೂ ಅಂತರ ಕಮ್ಮಿ ಇದ್ದಷ್ಟೂ ಒಳ್ಳೇದು. ಇದೊಂದೇ ಪರೀಕ್ಷೆ ಮಾಡೋಕೆ ಟೈಮಿದ್ರೆ ಇದನ್ನೇ ಮಾಡಿ.

ಕೊನೇದಾಗಿ ಕೇಳಬೇಕಾದ ಪ್ರಶ್ನೆ, ಎರಡನೇ ಸ್ಪೂಲ್ ಸಿಗತ್ತಾ, ಬೇಲ್ ಕಮಾನಿನ ಸ್ಪ್ರಿಂಗ್ ಮುರಿದ್ರೆ ಸಿಗತ್ತಾ. ನಮಗೆ ಸಿಕ್ಕಿದ್ದು 4000 ಸೈಜಿನ ರೀಲ್, ನಾಲ್ಕು ಬೇರಿಂಗ್, ಕಪ್ಪು ಬಣ್ಣ, ನೋಡೋಕೆ ಏನೂ ಚೆನ್ನಾಗಿಲ್ಲ. ಜೊತೆಗೆ ಒಂದು ಹೆಚ್ಚುವರಿ ಸ್ಪೂಲ್. ಒಂದರಲ್ಲಿ ಕಡಲಿಗೆ 0.35ರ ತಂಗೂಸಿ, ಇನ್ನೊಂದರಲ್ಲಿ ಕೆರೆಗೆ 0.25. ಕೆರೆಗೆ ಮಾತ್ರ ಹೋಗೋರಾದ್ರೆ ಇಷ್ಟು ದೊಡ್ಡದು ಬೇಡ, ಕೈ ನೋವು ಬರತ್ತೆ. ಕಡಲಿಗೆ ಮಾತ್ರ ಅಂದ್ರೆ ಇದು ಸಾಲದು. ನಮ್ಮಲ್ಲಿ ಎರಡು ರೀಲಿನ ದುಡ್ಡಿರಲಿಲ್ಲ, ಅದಕ್ಕೆ ಮಧ್ಯದ್ದು.

ದೊಡ್ಡಬಳ್ಳಾಪುರದ ಗೆಳೆಯನ ಮಾವನ ಕೃಷಿ ಹೊಂಡದಲ್ಲಿ ಮೊದಲ ಪರೀಕ್ಷೆ ಆಯ್ತು, ಅವರನ್ನ ಕೇಳಿಯೇ ಹೋದದ್ದು. ತಕ್ಕಡಿಯಲ್ಲಿ ಅಳೆದು ಒಂದು ಕೆ.ಜಿ.ಗೆ ಡ್ರ್ಯಾಗ್ ಇಟ್ಟಿದ್ವಿ. ಮೂರು ಕೆ.ಜಿ. ಮೇಲಿನ ಒಂದು ಕಾಟ್ಲಾ ಬಿತ್ತು. ಹೊಂಡದ ಆ ತುದಿಯವರೆಗೆ ಎರಡು ಸಲ ಓಡ್ತು, ರೀಲ್ ಒಂದೇ ಸ್ವರದಲ್ಲಿ ಬಿಟ್ಟುಕೊಡ್ತಾ ಹೋಯ್ತು, ಕುಕ್ಕಲೇ ಇಲ್ಲ. ಹತ್ತು ನಿಮಿಷಕ್ಕೆ ದಡಕ್ಕೆ ಬಂತು. ವಾಪಸ್ ನೀರಿಗೆ ಬಿಡೋಣ ಅಂದ್ವಿ. "ಮೀನ್ ಸಾಕಿರೋನು ನಾನು, ಬಿಡೋಕೆ ನೀವ್ಯಾರ್ರಪ್ಪಾ?" ಅಂತ ಮಾವ ಮನೆಗೆ ಕಳಿಸಿದ್ರು. ಮಧ್ಯಾಹ್ನ ಅತ್ತೆ ಹುಳಿ ಸಾರು ಮಾಡಿ ಮುದ್ದೆ ಬಡಿಸಿದ್ರು.

ಮರವಂತೆಗೆ ಇನ್ನೂ ಹೋಗಿಲ್ಲ. ಜೂನ್ ಬಂದ್ರೆ ಮಳೆ, ಆಗ ಆ ಕಲ್ಲಿನ ತಡೆಗೋಡೆ ಮೇಲೆ ನಿಲ್ಲೋದು ಹುಚ್ಚುತನ, ಅಲೆ ಎಲ್ಲಿಂದ ಬರತ್ತೆ ಗೊತ್ತಾಗಲ್ಲ. ಮುಂದಿನ ಡಿಸೆಂಬರ್‌ಗೆ ಅಂತ ಅಜ್ಜಯ್ಯನಿಗೆ ಫೋನಲ್ಲಿ ಹೇಳಿದ್ದೀವಿ. ಅವರು ಹೊಸ ರೀಲಿನ ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬರುವಾಗ ಸೈಕಲ್ ಟ್ಯೂಬಿನ ಒಂದು ತುಂಡು ತನ್ನಿ, ಹಳೇದು ಸವೆದಿದೆ ಅಂದ್ರು.

ಬಿಚ್ಚಿದ ಹಳೇ ರೀಲಿನ ಭಾಗಗಳೆಲ್ಲ ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ಕನ್ನಡ ಸಂಘದ ರೂಮಿನಲ್ಲಿವೆ. ಶುಕ್ರವಾರ ಸಂಜೆ ಯಾರಾದ್ರೂ ಬಂದು ನೋಡಬಹುದು. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಇದ್ರೆ ತನ್ನಿ, ನಮ್ಮದು ಕಳೆದುಹೋಗಿದೆ.